ಎದುರು ನಿಂತವರಿಗೆ ದೀಪ ಮಾತ್ರ

“ಹೆಂಗಸರು ಮೈ ತೊಳ್ಕೊಳ್ಳೋ ಕಡೆ ಇಣುಕಿ ಇಣುಕಿ ರೂಢಿಯಾದ ಕಣ್ಣು ಕಣ್ರೋ ಇದನ್ನ ಮಾಡಿರೋದು,” ಅಂದಳು ಪೇಚಿಯಮ್ಮಾಳ್.

ಅಂದವಳೇ ನನ್ನ ಪಟವನ್ನು ಮೇಜಿನ ಮೇಲೆ ಮಕಾಡೆ ಹಾಕಿದಳು. ಕಾದ ಬಾಣಲೆ ಕೈಗೆ ತಾಗಿದವರು ಹಾಕುತ್ತಾರಲ್ಲ, ಹಾಗೆ.

ಪ್ರೆಸ್ಸಿನಲ್ಲಿ ಎಲ್ಲರೂ ಇದ್ದರು. ಹಾಳೆ ಜೋಡಿಸುವ ಹೆಂಗಸರು, ಕಟಿಂಗ್ ಮೆಷಿನ್ನಿನವನು, ಅಂಟು ಕಲಸುವವನು, ಚಹಾದ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತವನು. ಮೆಷಿನ್ನಾದರೂ ಗಡಗಡ ಅನ್ನುತ್ತಿದ್ದರೆ ಅರ್ಧ ಮಾತು ಮುಚ್ಚಿ ಹೋಗುತ್ತಿತ್ತು. ಅದಕ್ಕೂ ಆಗಲೇ ಕರೆಂಟು ಹೋಗಬೇಕಿತ್ತು. ಒಂದೊಂದು ಅಕ್ಷರವೂ ಎಲ್ಲರ ಕಿವಿಗೆ ಬಿತ್ತು. ಯಾರೋ ಒಬ್ಬಳು ಕಿಸಕ್ಕಂದಳು.

ಮುದುಕಿ ಅಂತ ಸುಮ್ಮನಿರುವ ಹಾಗೂ ಇರಲಿಲ್ಲ, ಬಾಯಿಬಿಡುವ ಹಾಗೂ ಇರಲಿಲ್ಲ. ಪೇಚಿಯಮ್ಮಾಳ್ ಅಂದರೆ ಕರಿಸಲ್‌ಪಟ್ಟಿಯ ಒಂಟಿತಾಳೆ ಅಮ್ಮನ ಪೂಜೆ ಮಾಡುವ ಮನೆತನದ ಹಿರಿಯಳು. ಆ ಅಮ್ಮನ ಕುಲದವರು ತೂತ್ತುಕುಡಿ, ತಿರುಪ್ಪೂರು, ಸಿಂಗಪುರ ಅಂತ ಎಲ್ಲೆಲ್ಲೋ ಚೆದುರಿ ಹೋಗಿದ್ದಾರೆ. ಶಿವರಾತ್ರಿಗೆ ಎಲ್ಲರೂ ಬಂದು ಅಮ್ಮನ ಮುಂದೆ ಸೇರುತ್ತಾರೆ. ಈ ಸಲ ಬಂದವರ ಮನೆಗೊಂದು ಅಮ್ಮನ ತ್ರೀಡಿ ಪಟ ಕೊಟ್ಟು ಕಳಿಸಬೇಕು ಅಂತ ಕುಲದವರು ತೀರ್ಮಾನ ಮಾಡಿ ನಮ್ಮ ಪ್ರೆಸ್ಸಿಗೆ ಬಂದಿದ್ದರು. ಪಟ ಹೇಗಿರಬೇಕು ಅನ್ನುವುದಕ್ಕೆ ಹೂಂ ಅನ್ನುವವಳೂ ಇವಳೇ, ಊಹೂಂ ಅನ್ನುವವಳೂ ಇವಳೇ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅವಳ ಮಾತು ಎಲ್ಲಿಗೆ ಹೋಗಿ ನಾಟಿತು ಅಂತ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ನೋಡಿರುತ್ತೀರಿ: ಮೈಯೆಲ್ಲ ಸಣ್ಣ ಗೀರುಗಳಿರುವ ಪ್ಲಾಸ್ಟಿಕ್ ಪಟ, ಉಗುರಿನಿಂದ ಕೆರೆದರೆ ಝರ್ರ್ ಅನ್ನುತ್ತದೆ. ಆಚೆ ಸರಿದರೆ ಮುರುಗ, ಈಚೆ ಸರಿದರೆ ವಳ್ಳಿ. ಆ ಒಂದೊಂದು ಗೀರೂ ಒಂದೊಂದು ಕನ್ನಡಕ. ಅದರ ಅಡಿಗೆ ಹನ್ನೆರಡು ಚಿತ್ರಗಳನ್ನು ಕೂದಲಿಗಿಂತ ಸಣ್ಣಗೆ ಸೀಳಿ, ಎಳೆ ಪಕ್ಕ ಎಳೆ ಜೋಡಿಸಿಟ್ಟಿರುತ್ತಾರೆ. ನೀವು ನಿಂತ ಜಾಗಕ್ಕೆ ಯಾವ ಎಳೆಯೋ ಅದನ್ನಷ್ಟೇ ಗೀರು ನಿಮ್ಮ ಕಣ್ಣಿಗೆ ಬಿಡುತ್ತದೆ. ಆ ಸೀಳಿ ಜೋಡಿಸುವ ಫೈಲು ಮಾಡುವವನು ನಾನು, ಇರುಳಪ್ಪನ್. ಎಂಟನೇ ಕ್ಲಾಸಿನ ನಡುವೆ ಎದ್ದು ಬಂದವನು. ಬಂದದ್ದಕ್ಕೆ ಒಂದು ದಿನವೂ ವ್ಯಥೆ ಪಟ್ಟವನಲ್ಲ.

ದೊಡ್ಡ ದೊಡ್ಡ ಕಲಾವಿದರು ದೇವಿಯ ಕೈ ಬರೆಯುತ್ತಾರೆ. ಆ ಕೈಯ ಹಿಂದೆ ಏನಿದೆ ಅನ್ನುವುದು ಅವರಿಗೆ ಬೇಕಿಲ್ಲ. ನನಗೆ ಬೇಕು. ಕೈಯನ್ನು ಕತ್ತರಿಸಿ ಒಂದಿಷ್ಟು ಮುಂದಕ್ಕೆ ತಂದೆ ಅನ್ನಿ, ಹಿಂದೆ ತೂತು ಬೀಳುತ್ತದೆ. ಆ ತೂತಿನಲ್ಲಿ ಸೆರಗಿನ ಮಡಿಕೆ, ಸೊಂಟದ ಡಾಬು, ಕಂಬದ ನೆರಳು ಎಲ್ಲವನ್ನೂ ನಾನು ಬರೆದು ತುಂಬಬೇಕು. ಯಾವ ಕಲಾವಿದನೂ ಬರೆಯದ ದೇವರ ಮರೆಯ ಭಾಗವನ್ನು ಬರೆದ ಕೈ ಇದು. ಶಿವಕಾಶಿಯಲ್ಲಿ ಯಾರನ್ನು ಬೇಕಾದರೂ ಕೇಳಿ, “ಕಣ್ಣು ಹಿಂಬಾಲಿಸೋ ಪಟ” ಅಂದರೆ ನನ್ನ ಹೆಸರು ಹೇಳುತ್ತಾರೆ. ನೀವು ಅಡುಗೆಮನೆಗೆ ಹೋದರೂ ಕಣ್ಣು ನಿಮ್ಮ ಹಿಂದೆ, ಬಾಗಿಲಿಗೆ ಬಂದರೂ ನಿಮ್ಮ ಹಿಂದೆ. ಜನಕ್ಕೆ ಅದು ಬೇಕು. ದೇವರು ನನ್ನನ್ನೇ ನೋಡುತ್ತಿದ್ದಾನೆ ಅನ್ನಿಸಬೇಕು. ಬೇರೆಯವರು ಮಾಡಿದರೆ ಕಣ್ಣು ಕುಣಿಯುತ್ತದೆ, ಮೆಳ್ಳಗಣ್ಣಾಗುತ್ತದೆ. ನಾನು ಮಾಡಿದರೆ ನೀರಿನ ಮೇಲೆ ಎಣ್ಣೆ ಜಾರಿದ ಹಾಗೆ ಜಾರುತ್ತದೆ.

ಒಂಟಿತಾಳೆ ಅಮ್ಮನಿಗೂ ಅದನ್ನೇ ಮಾಡಿದ್ದೆ. ನನ್ನ ಕೈಯಿಂದ ಬಂದದ್ದರಲ್ಲೇ ಒಳ್ಳೆಯ ಕಣ್ಣು ಅವು.

“ಅವಳ ಎದುರು ನಿಂತಿದ್ದೀಯ ನೀನು,” ಪೇಚಿಯಮ್ಮಾಳ್ ಇನ್ನೂ ಬಿಟ್ಟಿರಲಿಲ್ಲ. “ಇಷ್ಟು ಹತ್ರ, ಕಣ್ಣಲ್ಲಿ ಕಣ್ಣು ನೆಟ್ಕೊಂಡು! ಸಾಲದೂಂತ ಹೋದ ಕಡೆಗೆಲ್ಲ ನೋಡ್ತಾಳಂತೆ! ಅವಳೇನು ಸಂತೇಲಿ ಮಾರೋ ಗೊಂಬೇನಾ? ನಮ್ಮಪ್ಪ ನೋಡ್ಲಿಲ್ಲ, ನಮ್ಮ ಮುತ್ತಾತ ನೋಡ್ಲಿಲ್ಲ ಆ ಮುಖಾನ ನೇರಕ್ಕೆ.”

ನನಗೆ ರಕ್ತ ಕಿವಿಗೆ ಬಂತು. ಯಾಕೆಂದರೆ ನಾನು ಅಲ್ಲಿಗೆ ಹೋಗೇ ಇರಲಿಲ್ಲ. ಎದುರು ನಿಂತು ಮೊಬೈಲಿನಲ್ಲಿ ಫೋಟೊ ಹೊಡೆದವನು ಅವಳ ಬೆನ್ನ ಹಿಂದೆಯೇ ಇದ್ದ. ತವಮಣಿ, ಕುಲದ ಕಮಿಟಿಯವನು, ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರ, ಗಂಜಿ ಹಾಕಿದ ಬಿಳಿ ಅಂಗಿ. “ತಮ್ಮಾ, ಒಳಗೆ ಫೋಟೊ ತೆಗೀಬಾರ್ದು. ಯಾರ ಹತ್ರಾನೂ ಬಾಯಿ ಬಿಡ್ಬೇಡ,” ಅಂತ ನನ್ನ ಫೋನಿಗೆ ಕಳಿಸಿದ್ದ. ಯಾವ ದೇವಸ್ಥಾನದಲ್ಲಿ ಆ ಬೋರ್ಡು ಇಲ್ಲ? ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅವನ ಕಡೆ ನೋಡಿದರೆ ಅವನು ನಿಂತ ಫ್ಯಾನು ನೋಡುತ್ತಿದ್ದಾನೆ.

ಬಾಯಿ ತೆರೆದೆ. ಅಷ್ಟರಲ್ಲಿ ಪ್ರೆಸ್ಸಿನ ಯಜಮಾನ ಅರುಣಗಿರಿ ಅಣ್ಣಾಚ್ಚಿ ಹಿಂದಿನಿಂದ ನನ್ನ ಭುಜ ಹಿಡಿದ. ಹಿಡಿದದ್ದಲ್ಲ, ಹಿಂಡಿದ.

“ತಾಯಿ, ಹುಡುಗ ತಿಳೀದೆ ಮಾಡಿದ್ದು,” ಅಂದ ಅಣ್ಣಾಚ್ಚಿ.

“ತಿಳೀದೋರ ಕೈಗೆ ಅವಳನ್ನ ಕೊಟ್ಯಲ್ಲ, ನಿನಗೆ ತಿಳುವಳಿಕೆ ಎಲ್ಲೋಯ್ತು? ಕೇಳಿಸ್ಕೊ. ಈ ಕೈ ಮತ್ತೆ ಅವಳನ್ನ ಮುಟ್ಟಬಾರ್ದು. ಮುಟ್ಟಿದ್ದು ಗೊತ್ತಾಯ್ತೋ, ಒಂದು ಪಟಾನೂ ನಮ್ಮ ಜನದ ಹೊಸ್ತಿಲು ದಾಟಲ್ಲ. ಬೇರೆ ಯಾರ ಕೈಲಾದ್ರೂ ಮಾಡಿಸು. ಮಾಡೋಕೆ ಬರೋರಿದ್ರೆ.”

“ಆಗ್ಲಿ ತಾಯಿ. ಬೇರೆಯೋರ ಕೈಲೇ ಮಾಡಿಸ್ತೀನಿ,” ಅಂದ.

ಅವರ ವ್ಯಾನು ಹೋದ ಮೇಲೆ ನಾನು ಕಸದ ಡಬ್ಬ ಒದ್ದೆ. ಕತ್ತರಿಸಿದ ಕಾಗದದ ಚೂರು ಕೋಣೆ ತುಂಬ ಹಾರಿ, ಅಂಟಿನ ಬಟ್ಟಲಿಗೂ ಬಿದ್ದವು.

“ಒದಿ, ಇನ್ನೊಂದು ಒದಿ,” ಅಂದಳು ಮುನೀಶ್ವರಿ. “ಗುಡಿಸೋದು ನಾನು ತಾನೆ?”

ಮುನೀಶ್ವರಿ ನಮ್ಮಲ್ಲಿ ಲೆನ್ಸ್ ಹಾಳೆ ಕೂರಿಸುವವಳು. ಅಚ್ಚಾದ ಕಾಗದದ ಮೇಲೆ ಅಂಟು ಎಳೆದು, ಗೀರಿನ ಹಾಳೆ ಇಟ್ಟು, ನೇರ ಮೇಲಿನಿಂದ ಒಂದೇ ಕಣ್ಣಲ್ಲಿ ನೋಡುತ್ತ ಕೂದಲಷ್ಟು ಕೂದಲಷ್ಟೇ ಸರಿಸಿ, ಚಿತ್ರ ಸರಿಯಾಗಿ ಎದ್ದ ಕ್ಷಣದಲ್ಲಿ ರೋಲರು ಎಳೆಯುತ್ತಾಳೆ. ನನ್ನ ಫೈಲು ಎಷ್ಟೇ ಚೆನ್ನಾಗಿರಲಿ, ಅವಳ ಬೆರಳು ಅರ್ಧ ಗೀರು ತಪ್ಪಿದರೆ ಎಲ್ಲ ಗೊಬ್ಬರ. ಇಡೀ ಪ್ರೆಸ್ಸಿನಲ್ಲಿ ನನ್ನನ್ನು ಬಯ್ಯಲು ನಾನು ಬಿಡುವುದು ಅವಳೊಬ್ಬಳನ್ನೇ.

“ನೀನು ಕೂರಿಸಿದ ಪಟ ಅಲ್ವೇನೇ ಅದು? ನಿನಗೂ ಸೇರಿಸಿಯೇ ಬೈದಿದ್ದು ಅವಳು.”

“ಎಲ್ಲಿ ಕೂರಿಸ್ದೆ? ನಾನು ಮುಟ್ಟಲ್ಲ ಅಂದೆ. ಅಣ್ಣಾಚ್ಚಿನೇ ಕೂರಿಸಿದ್ದು. ನಮ್ಮವ್ವನ ತವರಿನ ಕುಲದೇವಿ ಕಣೋ ಅವಳು. ಕೂರಿಸ್ಬೇಕಂದ್ರೆ ನೇರಕ್ಕೆ ನೋಡ್ಬೇಕು. ಅವಳನ್ನ ನೇರಕ್ಕೆ ಯಾರೂ ನೋಡಲ್ಲ.”

“ಮೊದಲೇ ಹೇಳೋಕೆ ಏನಾಗಿತ್ತು ರೋಗ?”

“ಯಾರಿಗೆ ಹೇಳ್ಲಿ? ನೀನು ಯಾವತ್ತು ಯಾರ ಮಾತು ಕೇಳಿದ್ದೀಯ? ‘ನೋಡೇ ಕಣ್ಣು ಹೆಂಗೆ ಜಾರ್ತದೆ, ನೋಡೇ ಹೆಂಗೆ ಜಾರ್ತದೆ’ ಅಂತ ಮೇಜಿನ ಸುತ್ತ ಕುಣೀತಿದ್ದೆ. ಕುಣಿಯೋನ ಕಿವಿಗೆ ಏನು ಹೋಗುತ್ತೆ?”

“ನೇರಕ್ಕೆ ನೋಡದೆ ಮತ್ತೆ ಎಲ್ಲಿಂದ ನೋಡ್ತಾರೆ?”

“ಹೋಗಿ ನೋಡು. ಶುಕ್ರವಾರ ದೀಪ ಹಚ್ತಾರೆ. ಬಾಯಿ ಮುಚ್ಕೊಂಡು ಹೋಗು, ಬಾಯಿ ಮುಚ್ಕೊಂಡು ಬಾ.”

ಹೋದೆ. ಬಸ್ಸು ಇಳಿದ ಮೇಲೆ ಬಳ್ಳಾರಿ ಜಾಲಿಯ ನಡುವೆ ಕಾಲುದಾರಿ, ಬಿರುಕು ಬಿಟ್ಟ ಕಪ್ಪು ನೆಲ. ಹತ್ತಿರ ಬರುವವರೆಗೆ ಗುಡಿ ಇದೆ ಅಂತಲೇ ತಿಳಿಯುವುದಿಲ್ಲ, ಒಂಟಿ ತಾಳೆಮರ ಮಾತ್ರ ಕಾಣುತ್ತದೆ. ತಗ್ಗಾದ ಕಲ್ಲಿನ ಮಂಟಪ, ಪೂರ್ವಕ್ಕೆ ಬಾಗಿಲು. ಜನ ಬಂದರು. ಬಂದವರು ಎರಡಾಗಿ ಸೀಳಿಕೊಂಡರು. ಗಂಡಸರು ಒಂದು ಗೋಡೆಗೆ, ಹೆಂಗಸರು ಇನ್ನೊಂದು ಗೋಡೆಗೆ. ನಡುವೆ ಒಂದು ಓಣಿ ಖಾಲಿ ಬಿಟ್ಟರು. ಆ ಓಣಿ ಅಮ್ಮನ ಬಾಗಿಲಿನಿಂದ ಹೊರಟು ಅಂಗಳ ದಾಟಿ ಹೊಲಕ್ಕೆ ಹೋಗುತ್ತದೆ. ಅದರ ತುದಿಯವರೆಗೂ ಒಬ್ಬರೂ ಕಾಲಿಡುವುದಿಲ್ಲ. ಒಂದು ಮೇಕೆ ಇಟ್ಟಿತು, ಅದಕ್ಕೆ ಏಟು ಬಿತ್ತು. ಅವಳ ನೋಟ ಹೋಗುವ ದಾರಿ ಅದು. ಅವಳು ನೋಡುವುದು ಹೊಲವನ್ನು, ನಮ್ಮನ್ನಲ್ಲ. ನಾವು ನೋಡುವುದು ಅವಳ ಪಕ್ಕವನ್ನು, ಮುಖವನ್ನಲ್ಲ.

ಎತ್ತರದ ಗಂಡಸರ ಹಿಂದೆ ಗೋಡೆಗೆ ಅಂಟಿ ನಿಂತಿದ್ದೆ. ಪೇಚಿಯಮ್ಮಾಳ್ ತಲೆ ತಗ್ಗಿಸಿಕೊಂಡೇ ಒಳಗೆ ಬಂದು, ತಲೆ ತಗ್ಗಿಸಿಕೊಂಡೇ ನಡುವಿನ ದೀಪ ಹಚ್ಚಿ, ಹಿಂದೆ ಹಿಂದಕ್ಕೆ ಸರಿದಳು. ಯಾರನ್ನೂ ನೋಡಲಿಲ್ಲ. ಉರಿ ಎದ್ದಿತು. ಆಗ ನಮ್ಮ ಕಡೆಗೆ ಕಂಡಳು ಅವಳು. ಎತ್ತಿದ ಕತ್ತಿ, ಅದರ ಹಿಂದೆ ಅರ್ಧ ಕೆನ್ನೆ, ತುಟಿಯಂಚಿನಲ್ಲಿ ಒಂದೇ ಕೋರೆಹಲ್ಲು. ನನ್ನ ಪಕ್ಕದಲ್ಲಿದ್ದ ಲಾರಿ ಡ್ರೈವರು ಗಡಗಡ ನಡುಗಿದ. ನನಗೂ ಬೆನ್ನಲ್ಲಿ ನೀರು ಹರಿಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ನಾನು ಅದನ್ನಷ್ಟೇ ನೋಡಲಿಲ್ಲ. ಎದುರು ಗೋಡೆಯ ಹೆಂಗಸರ ಮುಖ ನೋಡಿದೆ. ಅವರಲ್ಲಿ ಯಾರಿಗೂ ಹೆದರಿಕೆ ಇರಲಿಲ್ಲ. ಬಹಳ ದಿನಕ್ಕೆ ತವರಿಗೆ ಬಂದವರ ಹಾಗೆ ನಿಂತಿದ್ದರು. ಒಬ್ಬಳು ಅಳುತ್ತಿದ್ದಳು, ಒಬ್ಬಳು ಮಗಳ ಮದುವೆಯ ವಿಷಯ ಏನೋ ಗೊಣಗುತ್ತಿದ್ದಳು, ನೆರೆಯವಳಿಗೆ ಹೇಳಿದ ಹಾಗೆ. ಅವರಿಗೆ ಕಾಣುತ್ತಿದ್ದವಳು ನಮಗೆ ಕಾಣುತ್ತಿದ್ದವಳಲ್ಲ. ಅದೇ ಕಲ್ಲು, ಅದೇ ದೀಪ. ಈ ಪಕ್ಕ ಒಬ್ಬಳು, ಆ ಪಕ್ಕ ಇನ್ನೊಬ್ಬಳು, ನಡುವೆ ನಿಂತು ನೋಡಲು ಯಾರೂ ಇಲ್ಲ.

ನನ್ನ ತಲೆಯೊಳಗೆ ಗೀರುಗಳು ತಾವೇ ಜೋಡಿಸಿಕೊಂಡವು. ಇದು ಪಟವೇ. ಯಾವನೋ ನಮಗಿಂತ ನೂರಾರು ವರ್ಷ ಮೊದಲು ಕಲ್ಲಿನಲ್ಲಿ ಮಾಡಿಟ್ಟ ತ್ರೀಡಿ ಪಟ. ಇದನ್ನು ಕಾಗದಕ್ಕೆ ಇಳಿಸಬೇಕಾದವನು ನಾನು. ನಾನಲ್ಲದೆ ಬೇರೆ ಯಾರಿಗೂ ಬರುವುದಿಲ್ಲ.

ಮಾರನೇ ದಿನ ಅಣ್ಣಾಚ್ಚಿ ಮದುರೈಯ ಒಬ್ಬ ಡಿಸೈನರಿಗೆ ಫೋನು ಹಚ್ಚಿ ಕೂತಿದ್ದ. ಶಿವರಾತ್ರಿಯೊಳಗೆ ಆಗುವುದಿಲ್ಲ ಅಂದನಂತೆ ಆತ. ನಾನು ಹೋಗಿ ಮೇಜಿನ ಮುಂದೆ ನಿಂತೆ.

“ನಾನೇ ಮಾಡ್ತೀನಿ.”

“ನಿನಗೆ ತಲೆ ಕೆಟ್ಟಿದ್ಯೇನೋ? ಎಲ್ಲರ ಮುಂದೆ ಮಾತು ಕೊಟ್ಟಿದ್ದೀನಿ.”

“ಮಾತು ಕೊಟ್ಟಿದ್ದು ನೀವು. ನಾನು ಕೊಟ್ಟಿಲ್ಲ.”

“ಗೊತ್ತಾದ್ರೆ ಅಷ್ಟೂ ಪಟ ಮೇಜಿನ ಮೇಲೆ ಮಕಾಡೆ ಮಲಗ್ತವೆ.”

“ಗೊತ್ತಾಗ್ಬಾರ್ದು. ಮದುರೈಯೋನು ಮಾಡ್ದ ಅನ್ನಿ.”

ಅಣ್ಣಾಚ್ಚಿ ಕನ್ನಡಕ ತೆಗೆದು ನನ್ನನ್ನು ನೋಡಿದ. “ಆಮೇಲೆ ಚೆನ್ನಾಗಿ ಬಂತು ಅಂದ್ಕೋ. ‘ನಂದು, ನಂದು’ ಅಂತ ಎದೆ ಬಡ್ಕೊಳ್ಳೋಕೆ ಬರ್ತೀಯ ನೀನು. ನಿನ್ನ ಬಾಯಿ ನಂಗೆ ಗೊತ್ತಿಲ್ವಾ?”

“ಬರಲ್ಲ.”

“ಯಾಕೋ ಈ ಹಟ? ಬೈದೋಳ ದೇವರಿಗೆ ನಿನ್ನ ಬೆವರು ಯಾಕೆ?”

ಬಯ್ಗುಳಕ್ಕೆ ಬಯ್ಗುಳ ಕೊಟ್ಟರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಮುಗಿಸುವುದು ಬೇಕಿರಲಿಲ್ಲ. ಆ ಅಮ್ಮ ಆ ಎಲ್ಲ ಮನೆಗಳ ಗೋಡೆಗೆ ಹೋಗಬೇಕಿತ್ತು. ಹೋಗುವುದಾದರೆ ನನ್ನ ಕೈಯಿಂದ ಹೋಗಬೇಕಿತ್ತು. ಬೇರೆ ಯಾವನೋ ಮತ್ತೆ ಅವಳ ಕಣ್ಣನ್ನು ನಡುವೆ ತಂದು ನಿಲ್ಲಿಸಿ, ನಾಲ್ಕು ಹೂವು ಹೆಚ್ಚಿಗೆ ಹಾಕಿ ಕಳಿಸುವುದನ್ನು ನೋಡಿಕೊಂಡು ಕೂರಲು ನನ್ನಿಂದ ಆಗುತ್ತಿರಲಿಲ್ಲ.

“ಹೂಂ ಅನ್ನಿ ಅಣ್ಣಾಚ್ಚಿ,” ಅಂದೆ.

ಆತ ಹೂಂ ಅನ್ನಲಿಲ್ಲ. ಕನ್ನಡಕ ಹಾಕಿಕೊಂಡು ಬೇರೆ ಕಾಗದ ನೋಡಲು ಶುರು ಮಾಡಿದ. ನಮ್ಮಲ್ಲಿ ಅದೇ ಹೂಂ.

ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ಒಳ್ಳೆಯ ಚಿತ್ರ ನಡುವಿಗೆ. ಗಿರಾಕಿ ನಿಲ್ಲುವುದು ಎದುರಿಗೆ, ಅವನಿಗೆ ಮೊದಲು ಕಾಣುವ ಎಳೆಗಳಲ್ಲಿ ನಿನ್ನ ಜೀವ ಇಡು, ಅಂಚಿಗೆ ಉಳಿದದ್ದು ಹಾಕು. ನಾನು ತಿರುವು ಮುರುವು ಮಾಡಿದೆ. ಒಂದು ಅಂಚಿಗೆ ಗಂಡಸರ ಕಡೆಯ ಅಮ್ಮ, ಇನ್ನೊಂದು ಅಂಚಿಗೆ ಹೆಂಗಸರ ಕಡೆಯ ಅಮ್ಮ. ನಡುವಿನ ಎಳೆಗಳಲ್ಲಿ ಕಲ್ಲಿನ ಕಮಾನು, ಕತ್ತಲು, ಒಂದು ದೀಪ. ಅವಳಿಲ್ಲ.

ಗಂಡಸರ ಕಡೆಯದು ನಾನು ಕಂಡದ್ದು, ಕೈಗೆ ಬಂತು. ಹೆಂಗಸರ ಕಡೆಯದನ್ನು ನಾನು ಎಲ್ಲಿ ನೋಡಲಿ? ಮುನೀಶ್ವರಿಯನ್ನು ಎಳೆದು ತಂದು ಪಕ್ಕದ ಸ್ಟೂಲಿನಲ್ಲಿ ಕೂರಿಸಿದೆ. ಅವಳು ಸೆರಗಿನಲ್ಲಿ ಕಾರಸೇವು ಕಟ್ಟಿಕೊಂಡು ಬಂದು ತಿನ್ನುತ್ತ ಹೇಳಿದಳು, ನಾನು ಬರೆದೆ.

“ಇಷ್ಟು ನಗಲ್ಲ ಅವಳು. ಒರಸು.”

“ಇಷ್ಟು?”

“ಈಗ ಅಳ್ತಾವಳೆ. ಅಯ್ಯೋ, ಅವಳಿಗೇನು ಗಂಡ ಹೊಡೆದನಾ? ನಗೂ ಬೇಡ, ಅಳೂ ಬೇಡ. ನಾವು ಏನೋ ಹೇಳ್ತಾ ಇರ್ತೀವಲ್ಲ, ಅದನ್ನ ಮೊದಲೇ ಕೇಳಿದೋಳ ಹಂಗೆ ಇರ್ತಾಳೆ.”

“ಅದನ್ನ ಹೆಂಗೇ ಬರೀಲಿ?”

“ನಿನ್ನ ಕೆಲಸ ಅದು. ದೊಡ್ಡ ಕೈ ಅಂತ ಕುಣೀತೀಯಲ್ಲ.”

ಬರೆದು ಒರಸಿ ಬರೆದು ಸಾಕಾಯಿತು. ಕೊನೆಗೆ ತುಟಿ ಬಿಟ್ಟು ಕಿವಿಗೆ ಬಂದೆ. ಭುಜದವರೆಗೆ ಇಳಿಬಿದ್ದ ತೂಕದ ಓಲೆ, ಅದರ ಭಾರಕ್ಕೆ ಕತ್ತು ಇಷ್ಟೇ ಇಷ್ಟು ಇತ್ತ ವಾಲಿದೆ. ಮುನೀಶ್ವರಿ ಅಗಿಯುವುದು ನಿಲ್ಲಿಸಿದಳು.

“ಅದೇ,” ಅಂದಳು. “ಮುಟ್ಟಬೇಡ ಇನ್ನ. ಅದೇ.”

ಮೊದಲ ಪರೀಕ್ಷೆಯ ಪಟ ಎಳೆದ ದಿನ ನನಗೆ ಎದೆ ಒಡೆಯಿತು. ಪಕ್ಕಗಳು ಎರಡೂ ಎದ್ದು ನಿಂತಿದ್ದವು. ಎದುರು ನಿಂತು ನೋಡಿದೆ. ದೀಪ ಸರಿ, ಕಮಾನು ಸರಿ, ಆದರೆ ಉರಿಯ ಹಿಂದಿನ ಕತ್ತಲಲ್ಲಿ ಮಸಕಾಗಿ ಎರಡು ಕಣ್ಣು ತೇಲುತ್ತಿವೆ. ಮುಖವಿಲ್ಲ, ಮೈಯಿಲ್ಲ. ಕಣ್ಣು ಮಾತ್ರ, ನೇರ ನನ್ನ ಕಡೆಗೆ. ಮೊದಲಿನದಕ್ಕಿಂತ ಹತ್ತು ಪಾಲು ಕೆಟ್ಟದ್ದು. ಇದನ್ನೇನಾದರೂ ಪೇಚಿಯಮ್ಮಾಳ್ ಕಂಡಿದ್ದರೆ ಪ್ರೆಸ್ಸಿಗೇ ಬೆಂಕಿ ಇಡುತ್ತಿದ್ದಳು.

ಯಾಕೆ ಅಂತ ನನಗೆ ಗೊತ್ತು. ಗೀರು ಅಂದರೆ ಗೋಡೆಯಲ್ಲ, ಜಾಲರಿ. ಪಕ್ಕದ ಎಳೆ ಸ್ವಲ್ಪ ಸೋರಿಯೇ ಸೋರುತ್ತದೆ. ಬಿಳುಪಿನ ಪಕ್ಕ ಕಪ್ಪು ಇಟ್ಟರೆ ಬಿಳುಪು ಕಳ್ಳನ ಹಾಗೆ ಒಳಗೆ ನುಗ್ಗುತ್ತದೆ. ಅವಳ ಕಣ್ಣಿನ ಬಿಳಿಗೆ ಹಾಲಿನ ಬಿಳಿ ಹಾಕಿದ್ದೆ, ನಡುವಿಗೆ ಇದ್ದಿಲಿನ ಕಪ್ಪು. ತಪ್ಪು ಅದೇ. ಆ ಗುಡಿಯಲ್ಲಿ ಹಾಲಿನ ಬಿಳಿ ಎಲ್ಲಿತ್ತು? ಎಳ್ಳೆಣ್ಣೆ ದೀಪದ ಮುಂದೆ ಎಲ್ಲವೂ ಹಳದಿ, ಎಲ್ಲವೂ ಜೇನು. ಕತ್ತಲು ಕೂಡ ಕಪ್ಪಾಗಿರಲಿಲ್ಲ, ಹೊಗೆ ಕುಡಿದು ಕಂದಾಗಿತ್ತು. ಕಣ್ಣನ್ನು ಇಳಿಸಿದೆ, ಕತ್ತಲನ್ನು ಏರಿಸಿದೆ, ಇವೆರಡೂ ನೆರೆಹೊರೆಯವರಾಗುವವರೆಗೆ. ದೀಪದ ಸುತ್ತಿನ ಬೆಳಕನ್ನು ಒಂದಿಷ್ಟು ಹಿಗ್ಗಿಸಿ, ಕಣ್ಣು ಸೋರುವ ಜಾಗವನ್ನೆಲ್ಲ ಆ ಬೆಳಕಿನಲ್ಲಿ ಮುಳುಗಿಸಿದೆ. ಅವಳ ಕಣ್ಣು ಸೋರಿದರೂ ಉರಿಯಾಗಿಯೇ ಸೋರಬೇಕು.

ಇನ್ನೊಂದು ಉಳಿದಿತ್ತು. ನಡುವಿನಿಂದ ಪಕ್ಕಕ್ಕೆ ಸರಿಯುವ ಗಳಿಗೆಯಲ್ಲಿ ಮನುಷ್ಯನ ಒಂದು ಕಣ್ಣಿಗೆ ಒಂದು ಎಳೆ, ಇನ್ನೊಂದು ಕಣ್ಣಿಗೆ ಬೇರೆ ಎಳೆ ಬೀಳುತ್ತದೆ. ಎಲ್ಲರೂ ಅದನ್ನು ದೋಷ ಅಂತ ಮುಚ್ಚಲು ನೋಡುತ್ತಾರೆ. ನಾನು ಮುಚ್ಚಲಿಲ್ಲ. ಆ ಗಳಿಗೆಯ ಎಳೆಗಳಲ್ಲಿ ಒಂದು ಕಡೆ ಓಲೆಯ ಮಿಂಚನ್ನಷ್ಟೇ ಇಟ್ಟೆ, ಇನ್ನೊಂದು ಕಡೆ ಕತ್ತಿಯ ಅಂಚನ್ನಷ್ಟೇ. ಪೂರ್ತಿ ಬರುವ ಮೊದಲು ಬರುತ್ತಿದ್ದಾಳೆ ಅಂತ ತಿಳಿಯಬೇಕು. ಸರಿಯಾಗಿ ನಿಂತುಕೊಳ್ಳಲು ಅಷ್ಟು ಪುರುಸೊತ್ತು ಕೊಡಬೇಕು ಜನಕ್ಕೆ.

ಶಿವರಾತ್ರಿ ಬರುವ ಮಾಸಿ ತಿಂಗಳ ಒಣಗಾಳಿಗೆ ಕಾಗದ ಕುಗ್ಗುತ್ತದೆ. ಗೀರಿನ ಹಾಳೆ ಒಂದು ಕಟ್ಟಿನಿಂದ ಇನ್ನೊಂದು ಕಟ್ಟಿಗೆ ಒಂದೇ ಸಮ ಇರುವುದಿಲ್ಲ. ಪ್ರತಿ ಕಟ್ಟಿಗೂ ಪರೀಕ್ಷೆಯ ಗೆರೆಪಟ್ಟಿ ಅಚ್ಚು ಹಾಕಿ, ಹಾಳೆ ಇಟ್ಟು, ಯಾವ ಪಟ್ಟಿ ಅಲೆಯಿಲ್ಲದೆ ಒಂದೇ ಬಣ್ಣಕ್ಕೆ ನಿಲ್ಲುತ್ತದೆ ಅಂತ ಒಂಟಿಗಣ್ಣಲ್ಲಿ ನೋಡಿ, ಅದಕ್ಕೆ ತಕ್ಕ ಹಾಗೆ ಫೈಲು ಮತ್ತೆ ಹೆಣೆದೆ. ಈ ಕೆಲಸವನ್ನು ಕಟ್ಟಿಗೊಂದು ಸಲ ಮಾಡುವವರು ಊರಲ್ಲಿ ಯಾರೂ ಇಲ್ಲ. ನಾನು ಮಾಡುತ್ತೇನೆ.

ಕೊನೆಗೆ ಎಲ್ಲ ಹೋಗಿ ನಿಂತದ್ದು ಮುನೀಶ್ವರಿಯ ಬೆರಳಿಗೆ. ಅರ್ಧ ಗೀರು ಆಚೆ ಕೂತರೆ ಖಾಲಿ ಕಮಾನು ಪಕ್ಕಕ್ಕೆ ಹೋಗಿ, ಅಮ್ಮ ಬಂದು ಎದುರಿಗೆ ನಿಲ್ಲುತ್ತಾಳೆ. ಆಮೇಲೆ ಯಾರ ತಲೆಯೂ ಉಳಿಯುವುದಿಲ್ಲ. ಸಾಮಾನ್ಯವಾಗಿ ನಾವು ಅಂಚಿನಲ್ಲಿ ಗುರುತಿನ ಗೆರೆ ಹಾಕುತ್ತೇವೆ. ಇದಕ್ಕೆ ಹಾಕಲಿಲ್ಲ.

“ಗುರುತು ಎಲ್ಲೋ?” ಅಂದಳು.

“ದೀಪಾನೇ ಗುರುತು. ನೇರ ಮೇಲಿಂದ ನೋಡು. ಉರಿ ಒಡೆಯದೆ ಒಂದೇ ಆಗಿ ನಿಂತ್ರೆ ಅವಳು ಅವಳ ಜಾಗದಲ್ಲಿ ಇದ್ದಾಳೆ ಅಂತ.”

ಅವಳು ಮೊದಲು ನೋಡಲು ಒಪ್ಪಲಿಲ್ಲ. ಕಣ್ಣು ಮುಚ್ಚಿಕೊಂಡೇ ಹಾಳೆ ಇಟ್ಟಳು. “ಇರುಳಾ, ಅವಳೇನಾದ್ರೂ ಕಂಡ್ರೆ ನಿನ್ನ ಕೈ ಮುರೀತೀನಿ,” ಅಂದಳು. ಆಮೇಲೆ ಒಂದು ಕಣ್ಣು ತೆರೆದಳು. ಬೆರಳ ತುದಿಯಿಂದ ಹಾಳೆಯನ್ನು ತಳ್ಳಿದಳು, ತಳ್ಳಿದ್ದು ನನಗೂ ಕಾಣಲಿಲ್ಲ. ಅವಳ ಮುಖ ಸಡಿಲವಾಯಿತು. ರೋಲರು ಎಳೆದು, ಪಟ ಎತ್ತಿ ಕಣ್ಣಿಗೊತ್ತಿಕೊಂಡು, ನನ್ನ ಕಡೆ ನೋಡದೆ ಮುಂದಿನ ಕಾಗದ ತೆಗೆದುಕೊಂಡಳು. ಅಷ್ಟೂ ಪಟಗಳನ್ನು ಅವಳೊಬ್ಬಳೇ ಕೂರಿಸಿದಳು, ಬೇರೆ ಯಾರ ಕೈಗೂ ಕೊಡಲಿಲ್ಲ. ಒಂದೂ ವ್ಯರ್ಥವಾಗಲಿಲ್ಲ. ನಮ್ಮ ಪ್ರೆಸ್ಸಿನಲ್ಲಿ ಹಾಗೆ ಹಿಂದೆ ಆಗಿರಲಿಲ್ಲ.

ಶಿವರಾತ್ರಿಯ ಹಿಂದಿನ ದಿನ ಬೆಳಗ್ಗೆ ಕುಲದವರ ವ್ಯಾನು ಬಂತು. ಅಣ್ಣಾಚ್ಚಿ ಒಂದು ಪಟವನ್ನು ಪ್ರೆಸ್ಸಿನ ನಡುವಿನ ಕಂಬಕ್ಕೆ ತೂಗುಹಾಕಿದ್ದ. ಉಳಿದವೆಲ್ಲ ಕಟ್ಟುಗಳಾಗಿ ಬಾಗಿಲ ಬಳಿ ಇದ್ದವು. ಮೆಷಿನ್ನು ನಿಲ್ಲಿಸಿದ್ದರು. ಎಲ್ಲರೂ ಕೆಲಸ ಬಿಟ್ಟು ನಿಂತಿದ್ದರು, ಅವತ್ತು ಬೈಸಿಕೊಂಡವನು ಇವತ್ತು ಏನು ಮಾಡುತ್ತಾನೆ ಅಂತ ನೋಡಲು.

ಪೇಚಿಯಮ್ಮಾಳ್ ಬಾಗಿಲ ಪಕ್ಕದಿಂದ ಬಂದಳು. ಅಲ್ಲಿಂದ ಕಂಬ ವಾರೆಯಾಗಿ ಕಾಣುತ್ತದೆ. ನಾಲ್ಕು ಹೆಜ್ಜೆ ಇಟ್ಟವಳು ಗಕ್ಕನೆ ನಿಂತಳು. ಕೈ ತಾನೇ ಸೆರಗಿಗೆ ಹೋಗಿ, ಸೆರಗು ತಲೆಗೆ ಬಂತು.

ತವಮಣಿ ಅವಸರದಲ್ಲಿ ನೇರ ಎದುರಿಗೆ ಹೋಗಿ ನಿಂತ. “ಇದೇನ್ರೀ ಅಣ್ಣಾಚ್ಚಿ! ಏನೂ ಇಲ್ವಲ್ರೀ ಇದ್ರಲ್ಲಿ? ಬರೀ ದೀಪ!”

“ಅಲ್ಲಿ ನಿಂತೋನಿಗೆ ಮತ್ತೇನೋ ಕಾಣ್ಬೇಕು, ಕತ್ತೆ?” ಅಂದಳು ಪೇಚಿಯಮ್ಮಾಳ್. “ಸರ್ಕೋ ಆಚೆಗೆ. ಹುಟ್ಟಿಸಿದೋರು ನಿನಗೆ ಕಲಿಸ್ದೇ ಬಿಟ್ಟಿದ್ದನ್ನ ಒಂದು ಕಾಗದಕ್ಕೆ ಕಲಿಸವ್ರೆ, ನೋಡು.”

ಅವನು ಪಕ್ಕಕ್ಕೆ ಹಾರಿದ. ಹಾರಿದ ಕಡೆ ಕತ್ತಿಯ ಅಂಚು ಮಿಂಚಿರಬೇಕು. ಬಾಯಿ ತೆರೆದುಕೊಂಡೇ ಉಳಿದ.

ಮುದುಕಿ ಇನ್ನೊಂದು ಪಕ್ಕವನ್ನೂ ನೋಡಬೇಕಿತ್ತು. ಎದುರಿನಿಂದ ದಾಟಲಿಲ್ಲ. ಕಂಬದ ಹಿಂದಿನಿಂದ ಬಳಸಿಕೊಂಡು, ಹಾಳೆಯ ಅಟ್ಟಿಗಳ ನಡುವೆ ನುಸುಳಿ ಹೋದಳು. ಅದನ್ನು ನೋಡಿದಾಗ ನನ್ನ ಎದೆ ಎಷ್ಟು ಉಬ್ಬಿತು ಅಂದರೆ, ಅಂಗಿಯ ಗುಂಡಿ ಹಾರಲಿಲ್ಲವಲ್ಲ ಅನ್ನಿಸಿತು. ನಾನು ಹೆಣೆದ ಎಳೆಗಳ ಮುಂದೆ ಪೇಚಿಯಮ್ಮಾಳ್ ಬಳಸಿಕೊಂಡು ಹೋಗುತ್ತಿದ್ದಾಳೆ! ಪ್ಲಾಸ್ಟಿಕ್ಕಿನ ಎದುರು ದಾರಿ ಬಿಟ್ಟಿದ್ದಾಳೆ!

ಆ ಪಕ್ಕದಲ್ಲಿ ಬಹಳ ಹೊತ್ತು ನಿಂತಳು. ಮತ್ತೆ ಬಳಸಿ ಈ ಪಕ್ಕಕ್ಕೆ ಬಂದಳು. ಕಣ್ಣು ಒರಸಿಕೊಂಡಳು.

“ಯಾರು ಮಾಡಿದ್ದು?”

ಅಣ್ಣಾಚ್ಚಿ ಕೈ ಮುಗಿದ. “ಮದುರೈಯಿಂದ ಒಬ್ರು ಹಿರಿಯರು ತಾಯಿ. ಮಾಡಿಕೊಟ್ಟು ಹೊರಟೋದ್ರು.”

“ಹೆಂಗಸರ ಕಡೆ ನಿಂತು ನೋಡಿದೋರ ಹಂಗೆ ಮಾಡವ್ರಲ್ಲಪ್ಪ. ಗಂಡಸಿಗೆ ಹೆಂಗೆ ಗೊತ್ತಾಯ್ತು ಆ ಕತ್ತಿನ ವಾಲು?” ಅಂದಳು. ಮುನೀಶ್ವರಿ ಬೆರಳಿನ ಅಂಟು ಕೆರೆಯುತ್ತಿದ್ದಳು.

ಆಗ ಪೇಚಿಯಮ್ಮಾಳ್ ಕಣ್ಣು ನನ್ನ ಮೇಲೆ ಬಿತ್ತು.

“ಲೋ, ಅವತ್ತಿನೋನು ನೀನೇ ಅಲ್ವಾ? ಬಾ ಇಲ್ಲಿ. ಬಾ, ತಿನ್ನಲ್ಲ ನಾನು.” ಹೋದೆ. ನನ್ನ ಮೊಣಕೈ ಹಿಡಿದು ಪಟದ ಪಕ್ಕಕ್ಕೆ ನಿಲ್ಲಿಸಿದಳು. ದನಿ ಅವತ್ತಿನ ಹಾಗಿರಲಿಲ್ಲ, ಮೊಮ್ಮಗನಿಗೆ ಹೇಳಿದ ಹಾಗಿತ್ತು. ಆದರೆ ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಇತ್ತು. “ನೋಡು. ಚೆನ್ನಾಗಿ ನೋಡು. ಕೆಲಸ ಅಂದ್ರೆ ಇದು. ಕಣ್ಣಿದ್ರೆ ಸಾಲ್ದು ಮಗಾ, ನಿಲ್ಲೋ ಜಾಗ ಗೊತ್ತಿರ್ಬೇಕು. ಮದುರೈಗೆ ಹೋಗಿ ಆ ಹಿರಿಯರ ಕಾಲು ಹಿಡ್ಕೊ, ಒಂದೆರಡು ವರ್ಷ ಅವರ ಹಿಂದೆ ತಿರುಗು. ನಿನಗೂ ಬರುತ್ತೆ. ಏನು? ಹೋಗ್ತೀಯಾ?”

ಪ್ರೆಸ್ಸೆಲ್ಲ ನನ್ನ ಬಾಯಿ ನೋಡುತ್ತಿತ್ತು. ಹಾಳೆ ಜೋಡಿಸುವವಳಿಗೆ ಗೊತ್ತು, ಕಟಿಂಗ್‌ನವನಿಗೆ ಗೊತ್ತು, ಚಹಾದವನಿಗೂ ಗೊತ್ತು. ನನ್ನ ನಾಲಗೆಯ ತುದಿಯಲ್ಲಿ ಒಂದೇ ಒಂದು ಮಾತು ಕೂತಿತ್ತು, ಅದು ಹೊರಗೆ ಬಂದರೆ ಮುದುಕಿಯ ಬಾಯಿ ಜನ್ಮಕ್ಕೆ ಕಟ್ಟುತ್ತಿತ್ತು. ಬಾಗಿಲ ಬಳಿ ಕಟ್ಟುಗಳೂ ಕೂತಿದ್ದವು. ಆ ಮಾತು ಹೊರಗೆ ಬಂದರೆ ಅವು ಒಳಗೇ ಉಳಿಯುತ್ತಿದ್ದವು.

ಹೆಂಗಸರು ಕಟ್ಟುಗಳನ್ನು ತಲೆಗೆ ಏರಿಸಿಕೊಳ್ಳಲು ಶುರು ಮಾಡಿದರು. ಮೊದಲನೆಯ ಕಟ್ಟು ಹೊಸ್ತಿಲು ದಾಟಿತು. ಎರಡನೆಯದು ದಾಟಿತು. ಮೇಲಿನ ಪಟದ ಕಾಗದ ಒಂದು ಮೂಲೆಯಲ್ಲಿ ಹರಿದಿತ್ತು, ಬಿಸಿಲಿಗೆ ಓಲೆ ಫಳ್ಳನೆ ಮಿಂಚಿ ಹೋಯಿತು.

“ಕೇಳ್ತಾ ಇದ್ದೀನಲ್ಲೋ, ಹೋಗ್ತೀಯಾ?”

ನಾನು ಮೊಣಕೈ ಬಿಡಿಸಿಕೊಂಡು, ಕಟ್ಟು ಹೊತ್ತವರಿಗೆ ದಾರಿ ಬಿಟ್ಟು, ಅವರ ಹಿಂದೆ ಬಾಗಿಲು ದಾಟಿ ಬಿಸಿಲಿಗೆ ನಡೆದೆ.